ಯಜಮಾನಿ ಬೋನಿಗೆ ಬರುತ್ತಿಲ್ಲ

ಲಾಂಡ್ರಿ ಅಂಗಡಿಯ ಹಿಂದಿನ ಕೋಣೆ, ಇಸ್ತ್ರಿ ಮೇಜು
ಶನಿವಾರ ಸಂಜೆ

ಪ್ರೀತಿಯ ಅತ್ತೆ,

ಹೇಗಿದ್ದೀರಿ? ಬಲಗೈ ಬೆರಳುಗಳು ಈಗ ಚಮಚ ಹಿಡಿಯುತ್ತವೆ ಎಂದು ನಾದಿನಿ ಫೋನಿನಲ್ಲಿ ಹೇಳಿದಾಗ ನಾನಿಲ್ಲಿ ಕುಣಿಯುವುದೊಂದು ಬಾಕಿ. ಕಾಲಿನ ಊತ ಇಳಿಯಿತೇ? ರಾತ್ರಿ ನಿದ್ದೆ ಬರುತ್ತದೆಯೇ? ಮಾತು ಕಲಿಸುವ ಆ ಮೇಡಂ ಈಗಲೂ ಮಕ್ಕಳ ಚಿತ್ರದ ಕಾರ್ಡು ಹಿಡಿದು 'ಇದೇನು ಹೇಳಿ, ಇದೇನು ಹೇಳಿ' ಎಂದು ಕಾಡುತ್ತಾರೆಯೇ? ಅವರು ಛತ್ರಿಯ ಚಿತ್ರ ತೋರಿಸಿದಾಗ ನೀವು ನೋಡಿದ ನೋಟವನ್ನು ನಾದಿನಿ ವರ್ಣಿಸಿದಳು. ಕಾಲರಿನ ಕೊಳೆ ಹೋಗಿಲ್ಲ ಎಂದು ಜಗಳಕ್ಕೆ ಬರುವ ಗಿರಾಕಿಯನ್ನು ನೀವು ನೋಡುತ್ತಿದ್ದಿರಲ್ಲ, ಅದೇ ನೋಟ ಎಂದು ನನಗೆ ಇಲ್ಲಿಂದಲೇ ಗೊತ್ತಾಯಿತು. ಎಲ್ಲವೂ ಅರ್ಥವಾಗುತ್ತದೆ, ಮಾತು ಹೊರಗೆ ಬರುವುದಿಲ್ಲ ಅಷ್ಟೇ ಎಂದು ಡಾಕ್ಟರು ಹೇಳಿದ್ದಾರಂತೆ. ಅದನ್ನು ನಂಬಿಯೇ ಇಷ್ಟುದ್ದ ಬರೆಯಲು ಕೂತಿದ್ದೇನೆ. ನಾಳೆ ಬೆಳಿಗ್ಗೆ ನಿಮ್ಮ ಮಗ ಮೊದಲ ಬಸ್ಸಿಗೆ ಹೊರಟು ನಾದಿನಿಯ ಮನೆಗೆ ಬರುತ್ತಾರೆ. ಅವರ ಬಾಯಲ್ಲಿ ಹೇಳಿ ಕಳಿಸಿದರೆ 'ಎಲ್ಲಾ ಚೆನ್ನಾಗಿದೆ ಅಮ್ಮ' ಎಂದು ಒಂದೇ ಉಸಿರಿಗೆ ಮುಗಿಸಿ ಪೇಪರು ಬಿಡಿಸಿಕೊಂಡು ಕೂರುತ್ತಾರೆ, ಅದಕ್ಕೇ ಈ ಕಾಗದ. ನಾದಿನಿ, ನೀನು ಓದಿ ಹೇಳುವಾಗ ಮಧ್ಯೆ ಮಧ್ಯೆ ನುಂಗಬೇಡ. ಅಮ್ಮನಿಗೆ ಕೋಪ ಬರುವ ಜಾಗಗಳನ್ನೂ ಸೇರಿಸಿ ಪೂರ್ತಿ ಓದು.

ಅಂಗಡಿ ನಡೆಯುತ್ತಿದೆ. ನಿಮ್ಮ ಇಸ್ತ್ರಿಯ ಜಾಗದಲ್ಲಿ ಈಗ ನಾನು ನಿಲ್ಲುತ್ತೇನೆ. ಶರ್ಟು, ಪರದೆ ಪರವಾಗಿಲ್ಲ, ಲಂಗದ ನೆರಿಗೆ ಕೂರಿಸುವುದರಲ್ಲಿ ನಿಮ್ಮ ಕಿರುಬೆರಳಿಗೂ ನಾನು ಸಮವಿಲ್ಲ. ಹೋಟೆಲಿನವರು ಮೇಜುಬಟ್ಟೆಗಳನ್ನು ಈಗಲೂ ನಮಗೇ ಕೊಡುತ್ತಿದ್ದಾರೆ, ಅದರ ಜೊತೆ ಕಲೆಗಳನ್ನೂ ಧಾರಾಳವಾಗಿ ಕೊಡುತ್ತಿದ್ದಾರೆ. ನಿಮ್ಮ ಮಗ ಹಬೆ ಯಂತ್ರದ ಜೊತೆ ಮಾತಾಡುವಷ್ಟು ಹೆಂಡತಿಯ ಜೊತೆ ಮಾತಾಡುವುದಿಲ್ಲ ಎಂಬ ನನ್ನ ಹಳೆಯ ದೂರು ಹಾಗೇ ಇದೆ. ಊಟದ ಮೇಜಿನಲ್ಲಿ ನಿಮ್ಮ ಕುರ್ಚಿಯ ಮೇಲೆ ಒಗೆದ ಬಟ್ಟೆ ಗುಡ್ಡೆ ಹಾಕಿಟ್ಟಿದ್ದೇನೆ, ಖಾಲಿ ಕಾಣಬಾರದು ಎಂದು. ಇಷ್ಟೊಂದು ಪೀಠಿಕೆ ಹಾಕುತ್ತಿದ್ದಾಳೆ ಎಂದರೆ ಸೊಸೆ ಏನೋ ಎಡವಟ್ಟು ಮಾಡಿಕೊಂಡಿದ್ದಾಳೆ ಎಂದು ನಿಮಗೆ ಇಷ್ಟರಲ್ಲಿ ಗೊತ್ತಾಗಿರುತ್ತದೆ. ಹೌದು ಅತ್ತೆ, ಬೆಕ್ಕುಗಳ ವಿಷಯ.

ಲಕ್ವ ಹೊಡೆದ ದಿನ ನಿಮ್ಮನ್ನು ಆಂಬುಲೆನ್ಸಿಗೆ ಏರಿಸುವಾಗ ನೀವು ಎಡಗೈ ಎತ್ತಿ ಹಿತ್ತಿಲ ಬಾಗಿಲನ್ನು ತೋರಿಸಿ ನನ್ನ ಮುಖ ನೋಡಿದಿರಿ. ನಾನು 'ನೋಡ್ಕೋತೀನಿ, ನೋಡ್ಕೋತೀನಿ' ಅಂದೆ. ಏನನ್ನು ಒಪ್ಪಿಕೊಳ್ಳುತ್ತಿದ್ದೇನೆ ಎಂದು ಆಗ ಗೊತ್ತಿರಲಿಲ್ಲ. ಬಾಯ್ಲರಿನ ಬಿಸಿಗಾಳಿ ಹೊರಬರುವ ಕೊಳವೆಯ ಕೆಳಗೆ ಯಜಮಾನಿಯೂ ಅವಳ ಒಂದೆರಡು ಮಕ್ಕಳೂ ಮೈ ಕಾಯಿಸಿಕೊಳ್ಳುವುದನ್ನಷ್ಟೇ ನಾನು ಕಂಡಿದ್ದೆ. ಕಿವಿ ಹರಿದ ಆ ಬೂದು ಬೆಕ್ಕಿಗೆ ಯಜಮಾನಿ ಎಂದು ಹೆಸರಿಟ್ಟವರು ನೀವು. ಅಂಗಡಿ ಯಾರದ್ದು ಎಂದು ಹೊಸ ಗಿರಾಕಿಗಳು ಕೇಳಿದರೆ ಅವಳ ಕಡೆಗೇ ಬೆರಳು ಮಾಡುತ್ತಿದ್ದಿರಿ. ನೀವು ಹೋದ ಮೇಲೆ ತಟ್ಟೆ ಹಿಡಿದುಕೊಂಡು ನಾನೇ ಹಿತ್ತಿಲಿಗೆ ಇಳಿದೆ. ಸೋಪಿನ ಡ್ರಮ್ಮುಗಳ ಸಂದಿಯಿಂದ, ಒಡೆದ ತೊಟ್ಟಿಯೊಳಗಿಂದ, ಹಿಂದಿನ ಓಣಿಯ ಗೋಡೆ ಹತ್ತಿಕೊಂಡು ಬೆಕ್ಕುಗಳು ಬಂದವು, ಬರುತ್ತಲೇ ಇದ್ದವು. ದೊಡ್ಡವು ತಟ್ಟೆಗೆ ಮುತ್ತಿಕೊಂಡವು. ಚಿಕ್ಕವಕ್ಕೆ ಅಲ್ಲಿಯತನಕ ಬರುವ ತ್ರಾಣವೂ ಇರಲಿಲ್ಲ. ದೂರದಲ್ಲೇ ಕೂತು ಬಾಯಿ ತೆರೆದವು, ದನಿ ಹೊರಡಲಿಲ್ಲ.

ಯಜಮಾನಿಯ ಈ ಸಲದ ಮರಿಗಳನ್ನು ನೀವು ನೋಡಿಯೇ ಇಲ್ಲ. ಯಾರೂ ತೆಗೆದುಕೊಂಡು ಹೋಗದೆ ಉಳಿದ ಕೋಟುಗಳನ್ನು ಇಡುತ್ತೇವಲ್ಲ, ಆ ಬುಟ್ಟಿಯಲ್ಲಿ ಹಾಕಿದ್ದಳು. ನನಗೆ ಸಂಭ್ರಮವೋ ಸಂಭ್ರಮ. ಕಣ್ಣು ಬಿಡುವ ಹೊತ್ತಿಗೆ ಎಲ್ಲದರ ರೆಪ್ಪೆಗಳೂ ಕೀವು ಕಟ್ಟಿ ಅಂಟಿಕೊಂಡವು. ಹತ್ತಿಯನ್ನು ಬೆಚ್ಚಗಿನ ನೀರಿನಲ್ಲಿ ಅದ್ದಿ, ರೇಷ್ಮೆಯ ಕಲೆ ತೆಗೆಯುವಾಗ ನೀವು ಹೇಳಿಕೊಟ್ಟ ಹಾಗೆ, ತಿಕ್ಕದೆ ಒತ್ತಿ ಒತ್ತಿ ಒರೆಸಿದೆ. ಒಂದರ ರೆಪ್ಪೆ ಬಿಡಿಸಿಕೊಂಡಿತು. ಒಳಗೆ ಕಣ್ಣೇ ಇರಲಿಲ್ಲ ಅತ್ತೆ. ಮರಿಗಳೆಲ್ಲ ಒಂದೊಂದಾಗಿ ಹೋದವು. ಯಜಮಾನಿ ಬುಟ್ಟಿಗೆ ಬಂದು, ತಣ್ಣಗಾದದ್ದನ್ನು ಮೂಸಿ, ನೆಕ್ಕಿ, ನನ್ನ ಕಡೆ ನೋಡುತ್ತಿದ್ದಳು. ಅವುಗಳನ್ನು ಮಣ್ಣು ಮಾಡಲೆಂದು ಗುದ್ದಲಿ ತೆಗೆದುಕೊಂಡು ಗೋಡೆ ಪಕ್ಕಕ್ಕೆ ಹೋದರೆ ಅಲ್ಲಿನ ಮಣ್ಣೆಲ್ಲ ಮೆತ್ತಗೆ, ಅಗೆದು ಅಗೆದು ಬಿಟ್ಟದ್ದು. ಎಲ್ಲಿ ಕೈ ಹಾಕಿದರೂ ಸಣ್ಣ ಮೂಳೆ. ನೀವು ನಮ್ಮೆಲ್ಲರಿಗಿಂತ ಮುಂಚೆ ಎದ್ದು ಹಿತ್ತಿಲಿಗೆ ಹೋಗುತ್ತಿದ್ದದ್ದು ಗಿಡಗಳನ್ನು ನೋಡಿಕೊಳ್ಳಲು ಎಂದೇ ತಿಳಿದಿದ್ದೆ. ನಮ್ಮ ಹಿತ್ತಿಲಲ್ಲಿ ಗಿಡವೇ ಇಲ್ಲ. ಇಷ್ಟು ವರ್ಷ ಅದೂ ನನ್ನ ತಲೆಗೆ ಹೊಳೆದಿರಲಿಲ್ಲ. ಅನ್ನ ಹಾಕುವ ಕೆಲಸವನ್ನು ಎಲ್ಲರಿಗೂ ಕಾಣುವ ಹಾಗೆ ಮಾಡುತ್ತಿದ್ದಿರಿ, ಇದನ್ನು ಮಾತ್ರ ಒಬ್ಬರೇ ಮಾಡಿ ಮುಗಿಸಿ, ಕೈ ತೊಳೆದುಕೊಂಡು ಬಂದು ನಮಗೆ ಚಹಾ ಕೊಡುತ್ತಿದ್ದಿರಿ.

ಅವತ್ತೇ ನಾನು ಪ್ರಾಣಿಗಳ ಡಾಕ್ಟರಮ್ಮನ ಬಳಿ ಹೋದದ್ದು. ಬಿಳಿ ಕೋಟುಗಳನ್ನು ನಮಗೇ ಒಗೆಯಲು ಕೊಡುತ್ತಾರಲ್ಲ, ಕನ್ನಡಕದವರು, ಅವರೇ. ಇಸ್ತ್ರಿ ಮಾಡಿದ ಕೋಟು ತಲುಪಿಸುವ ನೆವ ಮಾಡಿಕೊಂಡು ಹೋದೆ. ನಿಮ್ಮ ಮಾತು ಮರೆತು ಹೋದೆ ಎಂದುಕೊಳ್ಳಬೇಡಿ. ಒಂದು ಸಲ ಅವರು ನಮ್ಮ ಕೌಂಟರಿನಲ್ಲಿ ನಿಂತು ಬೆಕ್ಕುಗಳಿಗೆ ಆಪರೇಷನ್ ಮಾಡಿಸುವ ಮಾತೆತ್ತಿದಾಗ ನೀವು ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿ, 'ಹೆಣ್ಣಿನ ಹೊಟ್ಟೆ ಕೊಯ್ಯೋ ಮಾತು ಈ ಅಂಗಡೀಲಿ ಆಡ್ಬೇಡಿ ಡಾಕ್ಟ್ರಮ್ಮ' ಅಂದಿರಿ. ನಾದಿನಿ ಹುಟ್ಟಿದಾಗ ಆಸ್ಪತ್ರೆಯಲ್ಲಿ ನಿಮಗಾದದ್ದನ್ನು ನಮಗೆಲ್ಲ ಎಷ್ಟೋ ಸಲ ಹೇಳಿದ್ದೀರಿ, ಪ್ರತಿಸಲವೂ ನಗುನಗುತ್ತಲೇ. 'ಹೆರಿಗೆಗೆ ಅಂತ ಹೋದೆ. ಎಚ್ಚರಾಗಿ ನೋಡ್ತೀನಿ, ಮುಂದಿನದಕ್ಕೆಲ್ಲ ಬೀಗ ಜಡಿದು ಕಳಿಸಿದ್ದಾರೆ. ನಿಮ್ಮ ಮಾವ ಹ್ಞೂಂ ಅಂದ್ರಂತೆ, ಡಾಕ್ಟ್ರು ಹ್ಞೂಂ ಅಂದ್ರಂತೆ, ನಿದ್ದೇಲಿದ್ದೋಳು ನಾನೊಬ್ಳೇ.' ಅದನ್ನು ನಗದೆ ಹೇಳಿದ್ದು ಅವತ್ತು, ಡಾಕ್ಟರಮ್ಮನ ಎದುರು ಮಾತ್ರ. 'ನನ್ನನ್ನ ಯಾರೂ ಕೇಳ್ಲಿಲ್ಲ. ಇವುಗಳನ್ನ ಯಾರು ಕೇಳ್ತಾರೆ?' ಅಂದಿರಿ. ಡಾಕ್ಟರಮ್ಮ ಕೋಟು ತೆಗೆದುಕೊಂಡು ಹೋದರು. ಅದೆಲ್ಲ ನೆನಪಿದ್ದೂ, ಆ ಮಣ್ಣು ನೋಡಿದ ಮೇಲೆ ನನಗೆ ಮನೆಯಲ್ಲಿ ಕೂರಲಾಗಲಿಲ್ಲ.

ಡಾಕ್ಟರಮ್ಮನಿಗೇ ಈಗ ದಿನ ತುಂಬುತ್ತಾ ಬಂದಿದೆ. ಹೊಟ್ಟೆ ಅಡ್ಡ ಬರುತ್ತದೆಂದು ಆಪರೇಷನ್ ಮೇಜಿಗೆ ಓರೆಯಾಗಿ ನಿಲ್ಲುತ್ತಾರೆ. 'ನಾನು ನಿಂತ್ಕೊಳ್ಳೋಕೆ ಆಗೋವರೆಗೂ ತನ್ನಿ. ನಾನು ರಜೆ ಹಾಕಿದ್ಮೇಲೆ ಬರೋರು ಬೀದಿ ಬೆಕ್ಕು ಮುಟ್ಟೋರಲ್ಲ' ಅಂದರು. ಒಂದು ತಂತಿಯ ಬೋನನ್ನೂ ಕೊಟ್ಟು ಕಳಿಸಿದರು. ಒಳಗೆ ತಿಂಡಿ ಇಡಬೇಕು, ಬೆಕ್ಕು ಹಲಗೆ ತುಳಿದ ಕೂಡಲೇ ಹಿಂದಿನಿಂದ ಬಾಗಿಲು ಬೀಳುತ್ತದೆ. ಮೊದಲು ಸಿಕ್ಕಿದ್ದು ಆ ದಪ್ಪ ಕೆನ್ನೆಯ ಗಂಡು, ನೀವು ಪೈಲ್ವಾನ್ ಎಂದು ಕರೆಯುತ್ತಿದ್ದವನು. ಇಡೀ ಓಣಿಗೆ ಹೆದರಿಕೆ ಹುಟ್ಟಿಸುತ್ತಿದ್ದವನು ಮೀನಿನ ತಲೆಯೊಂದಕ್ಕೆ ಬಿದ್ದುಹೋದ. ನಿಮ್ಮ ಮಗ ಬೋನಿನ ಮೇಲೆ ಯಾರದೋ ಹಳೆಯ ಹೊದಿಕೆ ಮುಚ್ಚಿ, ಬಟ್ಟೆ ಹಂಚುವ ಸೈಕಲ್ಲಿನ ಮೇಲೆ ಕಟ್ಟಿಕೊಂಡು ಹೊರಟರು. ಓಣಿ ದಾಟುವತನಕ ಅವನಿಗೆ 'ಏನೂ ಆಗಲ್ಲ ಮಾರಾಯ, ಒಂಚೂರು ನೋವು ಅಷ್ಟೇ' ಎಂದು ಸಮಾಧಾನ ಹೇಳುತ್ತಿದ್ದದ್ದು ನನ್ನ ಕಿವಿಗೇ ಬಿತ್ತು. ನನ್ನ ಹಲ್ಲು ಕೀಳಿಸಿದ ದಿನ ನನಗೆ ಅಷ್ಟು ಮಾತು ಸಿಕ್ಕಿರಲಿಲ್ಲ. ಆಪರೇಷನ್ ಆದ ಗುರುತಿಗೆ ಕಿವಿಯ ತುದಿಯನ್ನು ಚೂರೇ ಚೂರು ಕತ್ತರಿಸುತ್ತಾರೆ. ವಾಪಸು ಬಂದ ಪೈಲ್ವಾನ್ ಒಂದು ದಿನವಿಡೀ ನಮಗೆ ಬೆನ್ನು ತಿರುಗಿಸಿ ಕೂತಿದ್ದ, ಮಾರನೆಯ ದಿನ ತಟ್ಟೆಗೆ ಬಂದ. ಅವನ ಹಿಂದೆ ಇನ್ನೂ ಕೆಲವು ಹೋದವು. ಇಸ್ತ್ರಿ ಕೋಣೆಯ ಮೂಲೆ ಬೆಕ್ಕಿನ ವಾರ್ಡ್ ಆಯಿತು. ನನಗೂ ಸ್ವಲ್ಪ ಹೆಮ್ಮೆ ಬರಲು ಶುರುವಾಗಿತ್ತು.

ಆಮೇಲೆ ಕಾಲುಚೀಲದ ಸರದಿ ಬಂತು. ನಾಲ್ಕೂ ಪಾದ ಬಿಳಿಯಾಗಿರುವ ಕಪ್ಪು ಹುಡುಗಿ, ಯಜಮಾನಿಯ ಮಗಳು, ಇನ್ನೂ ಸಣ್ಣವಳು. ನಾನು ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಡಾಕ್ಟರಮ್ಮ ಕೈಗವಸು ಹಾಕಿಕೊಂಡೇ ಬಾಗಿಲಿಗೆ ಬಂದರು. 'ಇವಳ ಹೊಟ್ಟೇಲಿ ಮರಿಗಳಿವೆ. ಹೊರಗಿಂದ ಗೊತ್ತಾಗ್ಲಿಲ್ಲ. ಮುಂದುವರಿಸ್ಲಾ, ಇಲ್ಲಾ ಹೊಲಿದು ವಾಪಸ್ ಕೊಡ್ಲಾ? ನೀವೇ ಹೇಳ್ಬೇಕು' ಅಂದರು. ಅವರ ಗೌನಿನೊಳಗಿನ ಹೊಟ್ಟೆ ನನ್ನ ಕಣ್ಣೆದುರಿಗೇ ಇತ್ತು. ನಾನು ಕಣ್ಣಿಲ್ಲದ ಆ ಮರಿಯನ್ನು ನೆನೆಸಿಕೊಂಡೆ, ಗೋಡೆ ಪಕ್ಕದ ಮಣ್ಣನ್ನು ನೆನೆಸಿಕೊಂಡೆ. 'ಹ್ಞೂಂ' ಅಂದೆ. ಬಾಗಿಲು ಹಾಕಿಕೊಂಡಿತು. ಮಾವನೂ ಅವತ್ತು ಹೀಗೇ ಯಾವುದೋ ಬಾಗಿಲಲ್ಲಿ ನಿಂತು ಹ್ಞೂಂ ಅಂದಿರಬೇಕು ಎಂದು ಆಗ ಹೊಳೆಯಿತು ನೋಡಿ, ಎದ್ದು ಬಾಗಿಲು ಬಡಿಯಬೇಕೆನ್ನಿಸಿತು, ಬಡಿಯಲಿಲ್ಲ. ಎಲ್ಲ ಮುಗಿದ ಮೇಲೆ ಡಾಕ್ಟರಮ್ಮ ಬಂದು ನನ್ನ ಪಕ್ಕದಲ್ಲೇ ಕೂತರು. 'ನಂಗೂ ಇದು ಸುಲಭ ಅಲ್ಲ. ಈಗಂತೂ ಅಲ್ಲವೇ ಅಲ್ಲ' ಅಂದರು, ಅಷ್ಟೇ. ಕಾಲುಚೀಲ ಈಗ ಚೆನ್ನಾಗಿದ್ದಾಳೆ, ಮೈ ತುಂಬಿಕೊಂಡಿದ್ದಾಳೆ, ಬಿಸಿಲಿನಲ್ಲಿ ಹೊಟ್ಟೆ ಮೇಲೆ ಮಾಡಿ ಮಲಗುತ್ತಾಳೆ. ಬೋಳಿಸಿದ ಜಾಗದಲ್ಲಿ ಕೂದಲು ಬರುತ್ತಿದೆ. ನಾನು ಅವಳ ಎದುರು ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಇಷ್ಟು ಮಾಡಿದೆವಲ್ಲ, ಇನ್ನಾದರೂ ಹಿತ್ತಿಲು ಹಗುರವಾದೀತು ಎಂದುಕೊಂಡರೆ, ಅದೂ ಇಲ್ಲ. ಲಾಂಡ್ರಿಯವರು ಬೆಕ್ಕುಗಳನ್ನು ನೋಡಿಕೊಳ್ಳುತ್ತಾರೆ ಎಂಬ ಸುದ್ದಿ ಬೀದಿಯಿಂದ ಬೀದಿಗೆ ಹೋಗಿಬಿಟ್ಟಿದೆ. ಬೆಳಿಗ್ಗೆ ಶಟರ್ ಎತ್ತಿದರೆ ಮೆಟ್ಟಿಲ ಮೇಲೆ ರಟ್ಟಿನ ಡಬ್ಬಿ. ಬಿಟ್ಟುಹೋದವರು ಉಸಿರಾಡಲೆಂದು ಅಚ್ಚುಕಟ್ಟಾಗಿ ತೂತು ಕೊರೆದಿರುತ್ತಾರೆ, ಅಷ್ಟು ಒಳ್ಳೆಯ ಮನಸ್ಸಿನವರು. ಒಬ್ಬರಂತೂ ಒಗೆಯಲು ಕೊಟ್ಟ ಪರದೆಗಳ ಗಂಟಿನೊಳಗೇ ಎರಡು ಮರಿ ಇಟ್ಟು ಚೀಟಿ ಪಡೆದುಕೊಂಡು ಹೋದರು. ಪರದೆ ತೆಗೆದುಕೊಂಡು ಹೋಗಲು ಬಂದಾಗ 'ಯಾವ ಮರಿ?' ಎಂದು ನನ್ನನ್ನೇ ಕೇಳಿದರು. ಪಕ್ಕದ ಬೇಕರಿಯವರು ಮೊದಲೆಲ್ಲ ಉಳಿದ ಬ್ರೆಡ್ಡು ಕೊಡುತ್ತಿದ್ದರಲ್ಲ, ಈಗ ಮುಖ ಕೊಟ್ಟು ಮಾತಾಡುವುದಿಲ್ಲ. ಅವರ ಹಿಟ್ಟಿನ ಮೂಟೆಯ ಮೇಲೆ ಯಾವುದೋ ಬೆಕ್ಕು ಗಲೀಜು ಮಾಡಿತಂತೆ. 'ನೀವು ಒಂದು ದಾರಿ ಮಾಡಿ, ಇಲ್ಲಾ ನಾನೇ ಮಾಡ್ತೀನಿ. ಆಮೇಲೆ ನನ್ನನ್ನ ಅನ್ಬೇಡಿ' ಎಂದು ನಿನ್ನೆ ಹೇಳಿದರು. ಕೆಟ್ಟವರಲ್ಲ ಅವರು, ನಿಮಗೇ ಗೊತ್ತು. ಅದಕ್ಕೇ ಹೆಚ್ಚು ಭಯ. ತಟ್ಟೆ ಇಟ್ಟ ಮೇಲೆ, ಯಾರೂ ಅದಕ್ಕೆ ಏನೂ ಬೆರೆಸದಂತೆ, ಅವು ತಿಂದು ಮುಗಿಸುವತನಕ ಈಗ ನಾನು ಪಕ್ಕದಲ್ಲೇ ನಿಂತಿರುತ್ತೇನೆ. ಆದರೆ ಅವು ಗೋಡೆಯಾಚೆ ಎಲ್ಲಿ ಏನು ತಿನ್ನುತ್ತವೋ ಅದಕ್ಕೆ ಯಾರನ್ನು ಕಾವಲು ಹಾಕಲಿ?

ಇನ್ನು ಯಜಮಾನಿ. ಅವಳು ಬೋನಿನ ಹತ್ತಿರ ಸುಳಿಯುವುದಿಲ್ಲ. ಮಗಳನ್ನು ಅದರೊಳಗೆ ಹಾಕಿಕೊಂಡು ಹೋದದ್ದನ್ನು ಕಣ್ಣಾರೆ ನೋಡಿದ್ದಾಳೆ. ಮೀನು ಇಟ್ಟೆ, ಮಾಂಸ ಇಟ್ಟೆ, ಬೋನಿಗೆ ಎಲೆ ಮುಚ್ಚಿದೆ, ಬಟ್ಟೆ ಮುಚ್ಚಿದೆ. ಬಾಯ್ಲರ್ ಕೋಣೆಯ ತಗಡಿನ ಮೇಲೆ ಕೂತು ನನ್ನ ಈ ಸರ್ಕಸ್ಸನ್ನೆಲ್ಲ ನೋಡುತ್ತಾಳೆ. ನಿಮ್ಮ ಮಗ ಒಂದು ದಿನ ಹೋಟೆಲಿನ ದೊಡ್ಡ ಮೇಜುಬಟ್ಟೆಯನ್ನು ಬಲೆಯ ಹಾಗೆ ಹಿಡಿದು ಹಿಂದಿನಿಂದ ಹೋದರು. ಯಜಮಾನಿ ಒಂದು ಹೆಜ್ಜೆ ಪಕ್ಕಕ್ಕೆ ಇಟ್ಟಳು, ಇವರು ಮೇಜುಬಟ್ಟೆಯ ಸಮೇತ ಬಿಳಿ ಬಟ್ಟೆಗಳನ್ನು ನೀಲಿಯಲ್ಲಿ ಅದ್ದುವ ತೊಟ್ಟಿಗೆ ಬಿದ್ದರು. ಮೇಜುಬಟ್ಟೆ ಬಿಳಿಯಾಗಿ ಹೊಳೆಯಿತು, ನಿಮ್ಮ ಮಗ ಮಾತ್ರ ನೀಲಿಯಾಗಿ ಎದ್ದರು. ಎಷ್ಟು ದಿನವಾಗಿತ್ತೋ, ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಗುತ್ತಾ ತಲೆಯೆತ್ತಿ ನೋಡಿದರೆ ಅವಳು ತಗಡಿನ ಮೇಲೆ ಅಡ್ಡ ಬಿದ್ದು ಏದುಸಿರು ಬಿಡುತ್ತಿದ್ದಳು, ಆ ಒಂದು ಹೆಜ್ಜೆಗೇ. ಹೊಟ್ಟೆ ಮಾತ್ರ ದುಂಡಗೆ, ಉಳಿದದ್ದೆಲ್ಲ ಮೂಳೆ. ಆ ಮರಿಗಳು ಸತ್ತ ಬೆನ್ನಿಗೇ ಮತ್ತೆ ಬಸಿರಾಗಿದ್ದಾಳೆ ಅತ್ತೆ.

ಡಾಕ್ಟರಮ್ಮ ತಾವೇ ಮೊನ್ನೆ ಬಂದು ಏಣಿ ಹತ್ತಲಾಗದೆ ಕೆಳಗೆ ನಿಂತು ನೋಡಿದರು. ಬಾಯಿಂದ ಸುರಿಯುವ ಜೊಲ್ಲು, ಉಸಿರು ಎರಡನ್ನೂ ಗಮನಿಸಿದರು. 'ಈ ಹೆರಿಗೆ ತಡ್ಕೊಳ್ಳಲ್ಲ ಇವಳು. ಹೆತ್ರೂ ಹಾಲಿರಲ್ಲ. ಆಪರೇಷನ್ನಲ್ಲೂ ಉಳೀತಾಳೆ ಅಂತ ಮಾತು ಕೊಡಲ್ಲ, ಆದ್ರೆ ಅಲ್ಲಿ ಕೊನೇಪಕ್ಷ ನಾನಿರ್ತೀನಿ' ಅಂದರು. ರಜೆಗೆ ಮುಂಚೆ ಅವರ ಕೆಲಸದ ಕೊನೆಯ ದಿನ ಬರುವ ಮಂಗಳವಾರ. ಅಂದರೆ ಬೋನಿಗೆ ಬಂದರೆ ಅವಳ ಹೊಟ್ಟೆಯಲ್ಲಿರುವವು ಹೋಗುತ್ತವೆ. ಬರದಿದ್ದರೆ ಬಾಯ್ಲರಿನ ಕೆಳಗೆ ಎಲ್ಲೋ ಕೈಗೆ ಸಿಗದ ಸಂದಿಯಲ್ಲಿ ಅವಳೂ ಹೋಗುತ್ತಾಳೆ, ಅವೂ ಹೋಗುತ್ತವೆ, ನಾವು ಮೇಲೆ ಇಸ್ತ್ರಿ ಮಾಡುತ್ತಾ ಅವುಗಳ ದನಿ ನಿಲ್ಲುವತನಕ ಕೇಳುತ್ತಿರಬೇಕು. ನೀವಿದ್ದಿದ್ದರೆ ನನ್ನನ್ನು ಬೈದಾದರೂ ಏನಾದರೂ ಒಂದು ನಿರ್ಧಾರ ಮಾಡುತ್ತಿದ್ದಿರಿ. ನಿಮ್ಮ ಮಗನನ್ನು ಕೇಳಿದರೆ 'ನಿನಗೆ ಹೇಗೆ ಸರಿ ಅನ್ಸುತ್ತೋ ಹಾಗೆ' ಅನ್ನುತ್ತಾರೆ. ದಿನಕ್ಕೆ ಹತ್ತು ಸಲ ಹಿತ್ತಿಲ ಬಾಗಿಲಿಗೆ ಹೋಗಿ, ಅವಳು ತಗಡಿನ ಮೇಲಿರುವುದನ್ನು ನೋಡಿ, ಬರಿಗೈಯಲ್ಲಿ ವಾಪಸು ಬಂದು ಇಸ್ತ್ರಿಪೆಟ್ಟಿಗೆ ಹಿಡಿಯುತ್ತೇನೆ. ಒಬ್ಬರ ಶರ್ಟು ಸುಟ್ಟೂ ಆಯಿತು.

ಬೇರೆ ಸುದ್ದಿ ಇಲ್ಲ. ನೀವು ಹೊತ್ತಿಗೆ ಸರಿಯಾಗಿ ಮಾತ್ರೆ ತೆಗೆದುಕೊಳ್ಳಿ, ನಾದಿನಿ ಹೇಳಿದಷ್ಟು ನಡೆಯಿರಿ, ಅವಳು ಹೇಳಿದ್ದಕ್ಕಿಂತ ಒಂದು ಹೆಜ್ಜೆ ಹೆಚ್ಚು ನಡೆದು ಅವಳನ್ನು ಹೆದರಿಸಬೇಡಿ. ನಿಮ್ಮ ಮಗನ ಕೈಯಲ್ಲಿ ನಿಮ್ಮ ತೆಳು ಕಂಬಳಿ ಕಳಿಸಿದ್ದೇನೆ, ನಾನೇ ಒಗೆದದ್ದು. ಮಡಿಕೆ ಸರಿಯಿಲ್ಲದಿದ್ದರೆ ಬಂದ ಮೇಲೆ ಬೈಯಿರಿ. ಬೈಯುವಷ್ಟು ಮಾತು ಬೇಗ ಬರಲಿ ಎಂಬುದೇ ಈ ಮನೆಯಲ್ಲಿ ಎಲ್ಲರ ಆಸೆ. ನಾದಿನಿಗೂ ಅವಳ ಗಂಡನಿಗೂ ನನ್ನ ನೆನಪುಗಳು. ನಿಮ್ಮ ಎಡಗೈಯನ್ನೂ ಬಲಗೈಯನ್ನೂ ಹಿಡಿದುಕೊಂಡು ನಮಸ್ಕರಿಸುತ್ತೇನೆ.

ನಿಮ್ಮ ಸೊಸೆ

ವಿ. ಸೂ.: ಕೇಳಬೇಕಾದ್ದನ್ನೇ ಕೇಳದೆ ಲಕೋಟೆ ಅಂಟಿಸಲು ಹೊರಟಿದ್ದೆ, ಧೈರ್ಯ ಸಾಲದೆ. ನಿನ್ನೆ ಫೋನಿನಲ್ಲಿ ನಾದಿನಿ ಹೇಳಿದಳು, 'ಅಮ್ಮಂಗೆ ಒಂದೇ ಒಂದು ಸದ್ದು ಬರ್ತಿದೆ ಅತ್ತಿಗೆ. ಕಿಟಕಿ ಕಡೆ ನೋಡ್ಕೊಂಡು ನಾಲಿಗೇಲಿ ಚ್ಚು ಚ್ಚು ಚ್ಚೂ ಅಂತಾರೆ. ನೀರು ಬೇಕೇನೋ ಅಂತ ಕೊಟ್ರೆ ತಳ್ತಾರೆ.' ಅದು ನೀರಲ್ಲ ಎಂದು ನನಗೂ ನಿಮಗೂ ಗೊತ್ತು. ಯಜಮಾನಿ ತಗಡಿನಿಂದ ಇಳಿದು ಬರುತ್ತಿದ್ದದ್ದು ಅದೊಂದೇ ಕರೆಗೆ. ನಾನೂ ಕರೆದು ನೋಡಿದೆ. ತಲೆಯೆತ್ತಿ ನನ್ನ ಹಿಂದೆ ಯಾರಿದ್ದಾರೆ ಎಂದು ನೋಡುತ್ತಾಳೆ, ಆಮೇಲೆ ತಲೆ ಇಳಿಸುತ್ತಾಳೆ. ಭಾನುವಾರ ಮಧ್ಯಾಹ್ನ, ಈ ಕಾಗದ ಓದಿ ಮುಗಿದ ಮೇಲೆ, ನಿಮ್ಮ ಮಗ ನಿಮ್ಮ ಮುಂದೆ ಫೋನು ಹಿಡಿಯುತ್ತಾರೆ. ಈ ಕಡೆ ನನ್ನ ಫೋನು ಬೋನಿನ ಒಳಗೋಡೆಗೆ ಒರಗಿಸಿರುತ್ತೇನೆ. ನೀವು ಕರೆದರೆ ಅವಳು ಬರುತ್ತಾಳೆ, ನಿಮ್ಮನ್ನು ನಂಬಿಯೇ ಬರುತ್ತಾಳೆ, ಬಾಗಿಲು ಬೀಳುತ್ತದೆ. ನಿಮಗೆ ಗೊತ್ತಾಗದ ಹಾಗೆ ಆ ಸದ್ದನ್ನು ರೆಕಾರ್ಡ್ ಮಾಡಿ ಕಳಿಸು ಎಂದು ನಾದಿನಿಗೆ ಹೇಳಿದ್ದರೆ ಕೆಲಸ ಇವತ್ತೇ ಮುಗಿಯುತ್ತಿತ್ತು. ಬಾಯಿತನಕ ಬಂದಿತ್ತು, ಹೇಳಲಿಲ್ಲ. ಎಲ್ಲವನ್ನೂ ಕೇಳಿಸಿಕೊಂಡ ಮೇಲೆ ಕರೆಯಬೇಕು ಅನ್ನಿಸಿದರೆ ಕರೆಯಿರಿ. ಬೇಡ ಅನ್ನಿಸಿದರೆ ಸುಮ್ಮನಿದ್ದುಬಿಡಿ, ಎರಡನೇ ಸಲ ಕೇಳುವುದಿಲ್ಲ. ಯಾವುದು ಆಗಲಿ ಎಂದು ಬಯಸಬೇಕೋ ನನಗೇ ತಿಳಿಯುತ್ತಿಲ್ಲ ಅತ್ತೆ. ಫೋನು ಚಾರ್ಜಿಗೆ ಹಾಕಿಟ್ಟಿದ್ದೇನೆ.